ಮನೆಯ ಸರ್ವರಿಗೆ ವಿಳಾಸ ಕೊಡುವವರು ಯಾರು?

ಬೋರ್‌ವೆಲ್ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸುವುದು ಉತ್ತರ ಕರ್ನಾಟಕದ ರೈತರಿಗೆ ಹೊಸ ಸುದ್ದಿಯೇನಲ್ಲ. ತ್ರೀ ಫೇಸ್ ಕರೆಂಟು ಯಾವ ಅಪರಾತ್ರಿಯಲ್ಲಿ ಬಂದರೂ ಹೊಲಕ್ಕೆ ಓಡಬೇಕಿಲ್ಲ. ಪೆಟ್ಟಿಗೆಯೊಳಗಿನ ಸಿಮ್ಮಿಗೆ ಒಂದು ಕರೆ ಹೋದರೆ ಸಾಕು, ಮೋಟರ್ ತಿರುಗುತ್ತದೆ. ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಕೂರಿಸಿದ ಇಂಥ ಪೆಟ್ಟಿಗೆಯನ್ನು ನಲವತ್ತು ಕಿಲೋಮೀಟರಿಗಿಂತ ಕಡಿಮೆ ದೂರದ ಕಲಬುರಗಿಯಿಂದ ಚಾಲೂ ಮಾಡಬಹುದು, ಪುಣೆಗೆ ದುಡಿಯಲು ಹೋದ ಮಗನೂ ಅಲ್ಲಿಂದಲೇ ಮಾಡಬಹುದು. ಈಗ ಅದೇ ತೋಟದ ಮನೆಗೆ ಫೈಬರ್ ಇಂಟರ್ನೆಟ್ ಬಂತು ಅನ್ನಿ. ಹಳೆಯ ಲ್ಯಾಪ್‌ಟಾಪೊಂದರಲ್ಲಿ ವೆಬ್ ಸರ್ವರ್ ಹಾಕಿ ಬಾಳೆಯ ದರ, ಗೊನೆಗಳ ಫೋಟೊ, ಕ್ಯಾಮೆರಾದ ಚಿತ್ರ ಎಲ್ಲವನ್ನೂ ಅದರಲ್ಲಿಟ್ಟರೆ ಮನೆಯ ವೈಫೈಯಲ್ಲಿ ಪುಟ ಚೆನ್ನಾಗಿಯೇ ತೆರೆಯುತ್ತದೆ. ಕಲಬುರಗಿಯಲ್ಲಿ ಕೂತು ತೆರೆಯಲು ಹೋದರೆ ಏನೂ ಬರುವುದಿಲ್ಲ. ಒಂದು ಮಿಸ್ಡ್ ಕಾಲ್ ಮುಟ್ಟುವ ಜಾಗವನ್ನು ಸೆಕೆಂಡಿಗೆ ಕೋಟಿಗಟ್ಟಲೆ ಬಿಟ್ ಸಾಗಿಸುವ ಗಾಜಿನ ಎಳೆ ಯಾಕೆ ಮುಟ್ಟುವುದಿಲ್ಲ? ರೂಟರಿನ ಸೆಟ್ಟಿಂಗ್ ಸರಿಯಿಲ್ಲ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅದು ಅರ್ಧ ನಿಜ. ಉಳಿದರ್ಧ ನಮಗೆ ಮಾರುತ್ತಿರುವ ಸಂಪರ್ಕದಲ್ಲಿಯೇ ಇದೆ. ಸಿಮ್ಮಿಗೆ ಯಾರು ಬೇಕಾದರೂ ಕರೆಯಬಹುದಾದ ನಂಬರಿದೆ. ಮನೆಯ ಇಂಟರ್ನೆಟ್ಟಿಗೆ ಅನೇಕ ಸಲ ಅದೇ ಇರುವುದಿಲ್ಲ. ಹೊರಗಿನ ಕರೆ ಬಾರದ ಫೋನನ್ನು ಯಾರೂ ಕೊಳ್ಳುವುದಿಲ್ಲ, ಆದರೆ ಹೊರಗಿನವರು ಮುಟ್ಟಲಾಗದ ಇಂಟರ್ನೆಟ್ಟಿಗೆ ತಿಂಗಳು ತಿಂಗಳೂ ದುಡ್ಡು ಕಟ್ಟುತ್ತೇವೆ, ಅದು ಹಾಗಿದೆ ಎಂದು ಗೊತ್ತೂ ಇಲ್ಲದೆ.

ಸರ್ವರ್ ಅಂದಕೂಡಲೆ ಏಸಿ ಕೋಣೆಯ ದೊಡ್ಡ ಕಪಾಟುಗಳನ್ನು ನೆನೆಯಬೇಕಾಗಿಲ್ಲ. ಕೇಳಿದವರಿಗೆ ಕೇಳಿದ್ದನ್ನು ಕೊಡಲು ಹಗಲೂ ರಾತ್ರಿ ಕಾದು ಕೂತ ಒಂದು ಪ್ರೋಗ್ರಾಮು ಅದು, ಅಷ್ಟೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲೂ ಅದು ನಡೆಯುತ್ತದೆ. ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಗಳಲ್ಲೋ ತೊಗರಿ ಒಡೆಯುವ ದಾಲ್ ಮಿಲ್ಲುಗಳಲ್ಲೋ ಸಿಸಿಟಿವಿಯ ಡಿವಿಆರ್ ಪೆಟ್ಟಿಗೆ ಇದ್ದರೆ, ಅದರೊಳಗೂ ಒಂದು ವೆಬ್ ಸರ್ವರ್ ಇರುತ್ತದೆ. ಮಾಲೀಕರಿಗೆ ಅದು ಗೊತ್ತಿಲ್ಲದಿರಬಹುದು. ಇಂಥ ಪ್ರತಿಯೊಂದು ಸಾಧನಕ್ಕೂ ಮನೆಯ ರೂಟರ್ 192.168.1.5, 192.168.1.6 ಎಂಬಂಥ ವಿಳಾಸ ಹಂಚುತ್ತದೆ. ಇವು ಖಾಸಗಿ ವಿಳಾಸಗಳು. 192.168ರಿಂದ, 10ರಿಂದ ಮತ್ತು 172.16ರಿಂದ 172.31ರವರೆಗಿನ ಅಂಕಿಗಳಿಂದ ಶುರುವಾಗುವ ವಿಳಾಸಗಳನ್ನು 1994ರಲ್ಲಿ ಒಳಬಳಕೆಗೆಂದೇ ಎತ್ತಿಡಲಾಯಿತು. ಕಮಲಾಪುರದ ಮನೆಯಲ್ಲೂ ಕೊರಿಯಾದ ಮನೆಯಲ್ಲೂ ಒಂದೇ 192.168.1.5 ಇರಬಹುದು, ಹಾಗಾಗಿ ಮನೆಯಾಚೆ ಅದಕ್ಕೆ ಬೆಲೆಯಿಲ್ಲ. ಹೊರಗಿನ ಲೋಕಕ್ಕೆ ಕಾಣುವುದು ರೂಟರಿನ ಒಂದೇ ವಿಳಾಸ. ನಮ್ಮ ಕಡೆಯ ಹಳೇ ವಾಡೆಗಳಲ್ಲಿ ಒಳಗೆ ಎಷ್ಟೇ ಕೋಣೆಗಳಿದ್ದರೂ ಬೀದಿಗೆ ಒಂದೇ ಹೆಬ್ಬಾಗಿಲು ಇರುತ್ತಿದ್ದ ಹಾಗೆ. ಒಳಗಿನವರು ಹೊರಗೆ ಕೇಳಿ ಕಳಿಸಿದ್ದಕ್ಕೆ ಉತ್ತರ ಬಂದರೆ ಯಾರು ಕೇಳಿದ್ದೆಂದು ಬಾಗಿಲಲ್ಲಿರುವವನಿಗೆ ನೆನಪಿರುತ್ತದೆ, ಸರಿಯಾದ ಕೋಣೆಗೆ ಮುಟ್ಟಿಸುತ್ತಾನೆ. ಯಾರೂ ಕರೆಯದೆ ಬಂದವನನ್ನು ಎಲ್ಲಿಗೆ ಕಳಿಸಬೇಕೆಂದು ಅವನಿಗೆ ತಿಳಿಯದು, ವಾಪಸು ಕಳಿಸುತ್ತಾನೆ. ‘ನ್ಯಾಟ್’ ಎಂದು ಕರೆಯುವ ಈ ಏರ್ಪಾಟು ರೂಪುಗೊಂಡದ್ದು 1994ರ ಹೊತ್ತಿಗೆ, ವಿಳಾಸಗಳು ತೀರಿಹೋಗುತ್ತವೆ ಎಂಬ ಭಯದಲ್ಲಿ, ತಾತ್ಕಾಲಿಕ ಉಪಾಯವಾಗಿ. ಆ ತಾತ್ಕಾಲಿಕಕ್ಕೆ ಈಗ ಮೂವತ್ತು ವರ್ಷ ದಾಟಿದೆ.

ಕರೆಯದೆ ಬಂದವರನ್ನು ಎಲ್ಲಿಗೆ ಕಳಿಸಬೇಕೆಂದು ಮೊದಲೇ ಹೇಳಿಡುವುದೇ ಪೋರ್ಟ್ ಫಾರ್ವರ್ಡಿಂಗ್. ಪೋರ್ಟ್ ಅಂದರೆ ಒಂದೊಂದು ಬಗೆಯ ಸೇವೆಗೂ ಗೊತ್ತುಮಾಡಿದ ಬಾಗಿಲ ಸಂಖ್ಯೆ. ವೆಬ್ ಪುಟ ಕೇಳುವವರು ಬರುವ ಪೋರ್ಟುಗಳು ಎರಡು: ಸಾದಾ ಪುಟಕ್ಕೆ 80, ಬೀಗದ ಗುರುತಿರುವ ಸುರಕ್ಷಿತ ಪುಟಕ್ಕೆ 443. ಬ್ರೌಸರಿನಲ್ಲಿ 192.168.1.1 ಅಥವಾ ರೂಟರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುವ ವಿಳಾಸ ಬರೆದು ಒಳಹೊಕ್ಕರೆ ಎಲ್ಲೋ ಒಂದು ಕಡೆ ‘ಪೋರ್ಟ್ ಫಾರ್ವರ್ಡಿಂಗ್’ ಅಥವಾ ‘ವರ್ಚುವಲ್ ಸರ್ವರ್’ ಎಂಬ ಪುಟ ಸಿಗುತ್ತದೆ. ಹೊರಗಿನಿಂದ 443ಕ್ಕೆ ಬಂದದ್ದನ್ನು ಒಳಗಿನ 192.168.1.50ರ 443ಕ್ಕೆ ಕಳಿಸು ಎಂದು ಅಲ್ಲಿ ಬರೆದಿಡಬೇಕು. ಅದಕ್ಕೂ ಮೊದಲು ಸರ್ವರಿಗೆ 192.168.1.50 ಎಂಬ ವಿಳಾಸ ಕಾಯಂ ಆಗಿರುವಂತೆ ರೂಟರಿನಲ್ಲಿ ಕಾಯ್ದಿರಿಸಬೇಕು. ಇಲ್ಲದಿದ್ದರೆ ಕರೆಂಟು ಹೋಗಿ ಬಂದ ಮೇಲೆ ಆ ವಿಳಾಸ ಅಡುಗೆಮನೆಯ ಟ್ಯಾಬ್ಲೆಟ್ಟಿಗೆ ಸಿಕ್ಕು, ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಾರೆ. ಕಂಪನಿ ಕೊಡುವ ಹೊರವಿಳಾಸವೂ ಆಗಾಗ ಬದಲಾಗುವುದರಿಂದ, ಬದಲಾದಾಗೆಲ್ಲ ಒಂದು ಹೆಸರಿನ ಕೆಳಗೆ ಹೊಸ ಅಂಕಿ ಬರೆದಿಡುವ ಡೈನಮಿಕ್ ಡಿಎನ್‌ಎಸ್ ಸೇವೆ ಬೇಕು. ಡಕ್‌ಡಿಎನ್‌ಎಸ್‌ನಂಥವು ಇದನ್ನು ಉಚಿತವಾಗಿ ಮಾಡುತ್ತವೆ. ಸುರಕ್ಷಿತ ಪುಟಕ್ಕೆ ಬೇಕಾದ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ 2015ರ ಕೊನೆಯಿಂದ ಪುಕ್ಕಟೆ ಕೊಡುತ್ತಿದೆ. ಕೊನೆಗೆ, ಪರೀಕ್ಷೆ ಮಾಡುವಾಗ ಮೊಬೈಲಿನ ವೈಫೈ ಆರಿಸಿ ಸಿಮ್ಮಿನ ಡೇಟಾದಲ್ಲಿ ನೋಡಬೇಕು. ಮನೆಯೊಳಗಿಂದಲೇ ಮನೆಯ ಹೊರವಿಳಾಸಕ್ಕೆ ಹೋಗಲು ಕೆಲವು ರೂಟರ್‌ಗಳು ಬಿಡುವುದಿಲ್ಲ. ಎಲ್ಲ ಸರಿಯಿದ್ದೂ ಕೆಟ್ಟಿದೆ ಎಂಬ ಭ್ರಮೆ ಅಲ್ಲಿಂದ ಹುಟ್ಟುತ್ತದೆ.

ಇಷ್ಟೆಲ್ಲ ಮಾಡಿಯೂ ಪುಟ ತೆರೆಯದೆ ರೂಟರನ್ನು ಹತ್ತು ಸಲ ರೀಸೆಟ್ ಮಾಡಿ ಕೈಚೆಲ್ಲುವವರೇ ಹೆಚ್ಚು. ಅವರು ಮೊದಲು ನೋಡಬೇಕಾದದ್ದು ರೂಟರಿನ ಸ್ಟೇಟಸ್ ಪುಟದಲ್ಲಿ ‘ವ್ಯಾನ್ ಐಪಿ’ (ಹೊರವಿಳಾಸ) ಎಂದು ಬರೆದಿರುವ ಅಂಕಿಯನ್ನು. ‘ನನ್ನ ಐಪಿ ಯಾವುದು’ ಎಂದು ಹೇಳುವ ಯಾವುದಾದರೂ ಜಾಲತಾಣ ತೋರಿಸುವ ಅಂಕಿಗೆ ಅದನ್ನು ಹೋಲಿಸಬೇಕು. ಎರಡೂ ಒಂದೇ ಆದರೆ ಹೊರವಿಳಾಸ ನಿಮ್ಮದೇ, ತಪ್ಪು ಸೆಟ್ಟಿಂಗಿನಲ್ಲಿದೆ. ರೂಟರಿನ ಅಂಕಿ 192.168ರಿಂದ ಶುರುವಾಗಿದ್ದರೆ ಕೇಬಲ್‌ನವರು ಕೊಟ್ಟ ಫೈಬರ್ ಪೆಟ್ಟಿಗೆಯ ಹಿಂದೆ ನಿಮ್ಮ ರೂಟರ್ ಎರಡನೆಯದಾಗಿ ಕೂತಿರಬಹುದು. ಮೊದಲ ಪೆಟ್ಟಿಗೆಯನ್ನು, ತಾನು ವಿಳಾಸ ಹಂಚದೆ ಬಂದದ್ದನ್ನು ಬರೀ ದಾಟಿಸುವ ಬ್ರಿಡ್ಜ್ ಮೋಡಿಗೆ ಹಾಕಿಸಿದರೆ ಅದು ಸರಿಹೋದೀತು. ಆದರೆ ಅಂಕಿ 100.64ರಿಂದ 100.127ರೊಳಗೆ ಶುರುವಾಗಿದ್ದರೆ ರೂಟರಿನ ಸೆಟ್ಟಿಂಗಿನಲ್ಲಿ ಮಾಡುವುದೇನೂ ಉಳಿದಿಲ್ಲ. ಈ ಗುಂಪನ್ನು 2012ರಲ್ಲಿ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆಂದು ಎತ್ತಿಡಲಾಯಿತು. ಅಂದರೆ ಕಂಪನಿಯ ಕೇಂದ್ರದಲ್ಲಿ ಇನ್ನೊಂದು ಭಾರಿ ರೂಟರ್ ಇದೆ, ನೂರಾರು ಮನೆಗಳು ಅದರ ಹಿಂದೆ ಒಂದೇ ಹೊರವಿಳಾಸವನ್ನು ಹಂಚಿಕೊಂಡಿವೆ. ಈ ಏರ್ಪಾಟಿಗೆ ಸಿಜಿನ್ಯಾಟ್ ಎಂದು ಹೆಸರು. ನೀವು ನಿಮ್ಮ ರೂಟರಿನಲ್ಲಿ ಏನು ಬರೆದರೂ ಆ ಭಾರಿ ರೂಟರಿಗೆ ಅದು ಮುಟ್ಟುವುದಿಲ್ಲ, ಅದರ ಪಾಸ್‌ವರ್ಡ್ ನಿಮ್ಮಲ್ಲಿಲ್ಲ.

ಕಂಪನಿಗಳು ಹಟಕ್ಕೆ ಹೀಗೆ ಮಾಡುತ್ತಿಲ್ಲ ಎನ್ನುವುದನ್ನು ಒಪ್ಪಬೇಕು. ಹಳೆಯ ವ್ಯವಸ್ಥೆಯಾದ ಐಪಿವಿ4ರಲ್ಲಿ ಇರುವ ವಿಳಾಸಗಳೇ ಸುಮಾರು 429 ಕೋಟಿ. ಜಾಗತಿಕ ದಾಸ್ತಾನು 2011ರ ಫೆಬ್ರುವರಿ 3ರಂದು ಬರಿದಾಯಿತು. ಏಷ್ಯಾ ಪೆಸಿಫಿಕ್ ಭಾಗಕ್ಕೆ ಹಂಚುವ ಎಪಿನಿಕ್ ಸಂಸ್ಥೆ ಅದೇ ಏಪ್ರಿಲ್ ಹೊತ್ತಿಗೆ ರೇಷನ್ ಶುರುಮಾಡಿತು. ಭಾರತದ ಪಾಲಿಗೆ ಬಂದದ್ದು ನಾಲ್ಕು ಕೋಟಿಯ ಆಸುಪಾಸು, ಆದರೆ 2024ರ ಹೊತ್ತಿಗೆ ದೇಶದ ಇಂಟರ್ನೆಟ್ ಚಂದಾದಾರರು 95 ಕೋಟಿ ದಾಟಿದ್ದರು. ಮೊದಲು ಬಂದವರು ಹೇಗೆ ಬಾಚಿಕೊಂಡಿದ್ದರೆಂದರೆ, ಅಮೆರಿಕದ ಎಂಐಟಿ ಎಂಬ ಒಂದೇ ವಿದ್ಯಾಸಂಸ್ಥೆಯ ಕೈಯಲ್ಲಿ 1 ಕೋಟಿ 67 ಲಕ್ಷ ವಿಳಾಸಗಳಿದ್ದವು. 2017ರಲ್ಲಿ ಅದು ಸುಮಾರು ಅರ್ಧದಷ್ಟನ್ನು ಮಾರುವುದಾಗಿ ಪ್ರಕಟಿಸಿತು. ಇವತ್ತು ಒಂದೊಂದು ವಿಳಾಸವೂ ಮಾರುಕಟ್ಟೆಯಲ್ಲಿ ಕೆಲವು ಸಾವಿರ ರೂಪಾಯಿಗೆ ಕೈಬದಲಾಗುತ್ತದೆ. ಕಲಬುರಗಿಯ ಸಾಧಾರಣ ಮನೆಗೆ ಇಡೀ ಒಂದು ಐಪಿವಿ4 ವಿಳಾಸ ಸಿಗದಿದ್ದರೆ ಅದು ಯಾರ ತಪ್ಪೂ ಅಲ್ಲ. ತಪ್ಪು ಇರುವುದು ಬೇರೆ ಕಡೆ: ಮನೆಗೆ ಒಳಬರುವ ದಾರಿಯೇ ಬೇಡ, ಸಿನಿಮಾ ನೋಡಲು ಫೋಟೊ ಇಳಿಸಲು ದಾರಿಯಿದ್ದರೆ ಸಾಕು ಎಂದು ಎಲ್ಲರೂ ಸೇರಿ ಒಪ್ಪಿಕೊಂಡುಬಿಟ್ಟದ್ದರಲ್ಲಿ. ವೆಬ್ ಹುಟ್ಟಿದ್ದು ಈ ಒಪ್ಪಂದದ ಮೇಲಲ್ಲ. ಟಿಮ್ ಬರ್ನರ್ಸ್-ಲೀ 1990ರಲ್ಲಿ ನಡೆಸಿದ ಮೊಟ್ಟಮೊದಲ ವೆಬ್ ಸರ್ವರ್ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಅವರೇ ಕೆಲಸ ಮಾಡುತ್ತಿದ್ದ ಮೇಜಿನ ಕಂಪ್ಯೂಟರು. ಯಾರೂ ಆರಿಸದಿರಲೆಂದು ಅದಕ್ಕೆ ಕೆಂಪು ಶಾಯಿಯಲ್ಲಿ ಬರೆದ ಚೀಟಿ ಅಂಟಿಸಿದ್ದರು. ಓದುವ ಯಂತ್ರವೇ ಕೊಡುವ ಯಂತ್ರವೂ ಆಗಬಹುದೆಂಬುದು ಆ ವ್ಯವಸ್ಥೆಯ ಬುಡದಲ್ಲೇ ಇದ್ದ ವಿಚಾರ. ನಮ್ಮಲ್ಲಿ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು, ಆಮೇಲೆ ಅದು ಭಾರತ್‌ನೆಟ್ ಆಯಿತು, 2023ರಲ್ಲಿ ಅದರ ಮುಂದಿನ ಹಂತಕ್ಕೆ 1.39 ಲಕ್ಷ ಕೋಟಿ ರೂಪಾಯಿಗೆ ಮಂಜೂರಾತಿ ದೊರೆಯಿತು. ಇಷ್ಟು ದುಡ್ಡಿನ ಎಳೆ ಹಳ್ಳಿಗೆ ಬಂದ ಮೇಲೆ ಅದರಲ್ಲಿ ಹಳ್ಳಿಯಿಂದ ಹೊರಗೆ ಹೋಗುವುದು ಬರೀ ಬೇಡಿಕೆ, ಒಳಗೆ ಬರುವುದು ಬರೀ ಸರಕು ಅಂತಾದರೆ ಖರ್ಚಿನ ಅರ್ಧ ಫಲ ಕೈತಪ್ಪಿದ ಹಾಗೆಯೇ.

ವಿಳಾಸಗಳ ಬರಕ್ಕೆ ಮದ್ದು ಇಲ್ಲವೆಂದಲ್ಲ. ಐಪಿವಿ6 ಎಂಬ ಹೊಸ ವ್ಯವಸ್ಥೆಯ ನಿಯಮಗಳು 1998ರಲ್ಲೇ ಸಿದ್ಧವಾಗಿದ್ದವು. ಅದರಲ್ಲಿ ಒಂದು ಮನೆಯ ಒಂದು ಜಾಲಕ್ಕೆ ಸಿಗುವ ವಿಳಾಸಗಳೇ ಹಳೆಯ ಇಂಟರ್ನೆಟ್ಟಿನ 429 ಕೋಟಿಯನ್ನು ಮತ್ತೆ 429 ಕೋಟಿಯಿಂದ ಗುಣಿಸಿದಷ್ಟು. ಹಂಚಿಕೊಳ್ಳುವ ಪ್ರಶ್ನೆಯೇ ಇಲ್ಲ; ಲ್ಯಾಪ್‌ಟಾಪಿಗೆ, ಕ್ಯಾಮೆರಾಕ್ಕೆ, ಪಂಪಿನ ಪೆಟ್ಟಿಗೆಗೆ ಎಲ್ಲದಕ್ಕೂ ಬೇರೆ ಬೇರೆ ಜಾಗತಿಕ ವಿಳಾಸ. ಸೋಜಿಗವೆಂದರೆ ಇದರಲ್ಲಿ ಭಾರತ ಹಿಂದುಳಿದಿಲ್ಲ, ಜಗತ್ತಿನ ಮುಂಚೂಣಿಯಲ್ಲಿದೆ. 2016ರಲ್ಲಿ ಜಿಯೊ ಬಂದಾಗಿನಿಂದ ಮೊಬೈಲ್ ಜಾಲಗಳು ಐಪಿವಿ6ರ ಮೇಲೇ ಬೆಳೆದವು, ಈಗ ದೇಶದ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗೊತ್ತಿಲ್ಲದೆಯೇ ಅದನ್ನು ಬಳಸುತ್ತಿದ್ದಾರೆ. 2022ರ ಡಿಸೆಂಬರ್ 31ರ ನಂತರ ಮನೆಗಳಿಗೆ ಕೊಡುವ ಹೊಸ ತಂತಿ ಸಂಪರ್ಕಗಳೆಲ್ಲ ಐಪಿವಿ6 ಸಾಗಿಸುವಂತಿರಬೇಕು ಎಂದು ದೂರಸಂಪರ್ಕ ಇಲಾಖೆ ಗಡುವು ಹಾಕಿತ್ತು. ಹಾಗಾದರೆ ಕಮಲಾಪುರದ ಸರ್ವರ್ ಕಲಬುರಗಿಯ ಮೊಬೈಲಿಗೆ ಕಾಣಬೇಕಲ್ಲ? ಕಾಣುತ್ತದೆ, ಒಂದು ಅಡ್ಡಿ ಇಲ್ಲದಿದ್ದರೆ. ಕಂಪನಿ ಕೊಟ್ಟ ಪೆಟ್ಟಿಗೆಗಳು ಒಳಬರುವ ಐಪಿವಿ6 ಸಂಪರ್ಕಗಳನ್ನು ಫೈರ್‌ವಾಲ್‌ನಿಂದ ತಡೆದಿರುತ್ತವೆ. ತಡೆದಿರುವುದು ಸರಿಯೇ. ಆದರೆ ಕೆಲವು ಪೆಟ್ಟಿಗೆಗಳಲ್ಲಿ ಒಂದು ಸಾಧನಕ್ಕೆ ಒಂದು ಪೋರ್ಟನ್ನು ಮಾತ್ರ ತೆರೆಯುವ ಸೌಕರ್ಯವನ್ನೇ ಗ್ರಾಹಕನಿಗೆ ಕೊಟ್ಟಿರುವುದಿಲ್ಲ. ವಿಳಾಸ ಹೇರಳವಾಗಿ ಸಿಕ್ಕಮೇಲೂ ಬಾಗಿಲ ಚಿಲಕ ಕಂಪನಿಯ ಕೈಯಲ್ಲೇ ಉಳಿಯುತ್ತದೆ. ಕೊರತೆಯ ಕಾಲದಲ್ಲಿ ಬೆಳೆದ ಅಭ್ಯಾಸ ಕೊರತೆ ತೀರಿದ ಮೇಲೂ ಮುಂದುವರಿಯುತ್ತಿದೆ ಎನ್ನಲು ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಅನೇಕ ಕಚೇರಿ, ಕಾಲೇಜುಗಳ ಜಾಲಗಳು ಇನ್ನೂ ಐಪಿವಿ4ರಲ್ಲೇ ಇವೆ ಎನ್ನುವುದೂ ನಿಜ. ಅಲ್ಲಿ ಕೂತವರಿಗೆ ಐಪಿವಿ6 ಮಾತ್ರವಿರುವ ಮನೆಯ ಸರ್ವರ್ ಸದ್ಯಕ್ಕೆ ಕಾಣದು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಎದುರಾಗುತ್ತದೆ. ಮುಚ್ಚಿರುವುದೇ ಒಳ್ಳೆಯದು, ಸಾಮಾನ್ಯರ ಕೈಗೆ ಚಿಲಕ ಕೊಟ್ಟರೆ ಕಳ್ಳರಿಗೆ ಹಬ್ಬ ಎನ್ನುತ್ತಾರೆ. ಇದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಐಪಿವಿ4ರ ಇಡೀ ವಿಳಾಸರಾಶಿಯನ್ನು ಒಂದೇ ಕಂಪ್ಯೂಟರಿನಿಂದ 45 ನಿಮಿಷದಲ್ಲಿ ತಡಕಾಡಬಹುದೆಂದು ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಝಡ್‌ಮ್ಯಾಪ್ ಉಪಕರಣದಿಂದ 2013ರಲ್ಲೇ ತೋರಿಸಿದ್ದರು. ನೀವು ತೆರೆದ ಪೋರ್ಟನ್ನು ಹೊರಗಿನವರು ತಟ್ಟಲು ಹೆಚ್ಚು ಹೊತ್ತು ಬೇಡ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಮು ಅರವತ್ತರಷ್ಟು ಕಾರ್ಖಾನೆ ಪಾಸ್‌ವರ್ಡುಗಳ ಪಟ್ಟಿ ಹಿಡಿದುಕೊಂಡೇ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶಮಾಡಿಕೊಂಡಿತು. ಆ ಅಕ್ಟೋಬರ್ 21ರಂದು ಅವುಗಳಿಂದಲೇ ದಾಳಿ ನಡೆದು ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಸಿಗದಾದವು. ಆದರೆ ಈ ಸಾಕ್ಷಿ ಹೇಳುವುದೇನು? ಸೋತದ್ದು ಯೋಚಿಸಿ ಬಾಗಿಲು ತೆರೆದವರಲ್ಲ. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದವರು, ‘ಯುಪಿಎನ್‌ಪಿ’ ಎಂಬ ಸೌಕರ್ಯದಿಂದ ಕ್ಯಾಮೆರಾ ತನ್ನಷ್ಟಕ್ಕೆ ಪೋರ್ಟ್ ತೆರೆದುಕೊಂಡದ್ದು ತಿಳಿಯದವರು. ಅಜ್ಞಾನದ ಬಾಗಿಲು ಅರಿತು ತೆರೆದ ಬಾಗಿಲಿಗಿಂತ ಅಪಾಯಕಾರಿ. ನ್ಯಾಟ್ ಹುಟ್ಟಿದ್ದು ವಿಳಾಸ ಉಳಿಸಲೇ ಹೊರತು ಕಾವಲಿಗಲ್ಲ, ಕಾವಲು ಫೈರ್‌ವಾಲಿನ ಕೆಲಸ. ಝಡ್‌ಮ್ಯಾಪಿನ ಅದೇ ವೇಗದಲ್ಲಿ ಐಪಿವಿ6ರ ಒಂದು ಮನೆಯ ಜಾಲವನ್ನು ತಡಕಾಡಲು ಮೂರೂವರೆ ಲಕ್ಷ ವರ್ಷಕ್ಕೂ ಹೆಚ್ಚು ಬೇಕು. ಆದರೂ ಅದನ್ನೇ ನಂಬಿ ಕೂರಬಾರದು. ನೀವು ಸರ್ಟಿಫಿಕೇಟು ಪಡೆದ ಕೂಡಲೆ ಸರ್ವರಿನ ಹೆಸರು ಸಾರ್ವಜನಿಕ ದಾಖಲೆಗೆ ಸೇರುತ್ತದೆ. ಯುಪಿಎನ್‌ಪಿ ಆರಿಸಿಡುವುದು, ಬೇಕಾದ ಒಂದೇ ಪೋರ್ಟ್ ತೆರೆಯುವುದು, ಎಲ್ಲವನ್ನೂ ಬಯಲಿಗಿಡುವ ‘ಡಿಎಂಜೆಡ್’ ಗುಂಡಿಯನ್ನು ಮುಟ್ಟದಿರುವುದು, ಸಾಫ್ಟ್‌ವೇರ್ ಅಪ್‌ಡೇಟ್ ಬಂದ ದಿನವೇ ಹಾಕುವುದು, ಇಷ್ಟನ್ನು ಮಾಡಲಾಗದವರು ಸರ್ವರ್ ಇಡದಿರುವುದೇ ಲೇಸು. ಡಿವಿಆರ್ ಪುಟವನ್ನಂತೂ ಯಾರೂ ನೇರವಾಗಿ ಹೊರಗೆ ತೆರೆಯಬಾರದು, ವೈರ್‌ಗಾರ್ಡಿನಂಥ ವಿಪಿಎನ್ (ಬೀಗ ಹಾಕಿದ ಖಾಸಗಿ ದಾರಿ) ಹಾಕಿ ಅದರೊಳಗಿಂದ ನೋಡಬೇಕು. ನಡುವೆ ಮೂರನೆಯವರಿಲ್ಲದೆ ನಡೆಯಬೇಕಾದರೆ ಆ ವಿಪಿಎನ್ನಿಗೂ ಒಂದು ಒಳಬರುವ ಪೋರ್ಟ್ ಬೇಕೇಬೇಕು ಎನ್ನುವುದನ್ನು ಸುರಕ್ಷತೆಯ ಹೆಸರಿನಲ್ಲಿ ಬಾಗಿಲು ಮುಚ್ಚುವವರು ಮರೆಯುತ್ತಾರೆ.

ಎರಡನೆಯ ಆಕ್ಷೇಪ ವ್ಯಾವಹಾರಿಕ: ತಿಂಗಳಿಗೆ ನಾನ್ನೂರು ಐನೂರು ರೂಪಾಯಿಗೆ ಕ್ಲೌಡಿನಲ್ಲಿ ಬಾಡಿಗೆ ಸರ್ವರ್ ಸಿಗುವಾಗ ಮನೆಯಲ್ಲೇಕೆ ಈ ರಗಳೆ? ದಾಲ್ ಮಿಲ್ಲಿನ ಜಾಹೀರಾತು ಪುಟ, ಶಾಲೆಯ ಪ್ರವೇಶದ ಫಾರ್ಮು, ಸಾವಿರಾರು ಜನ ನೋಡಬೇಕಾದ ಯಾವುದೇ ತಾಣ ಬಾಡಿಗೆ ಸರ್ವರಿನಲ್ಲೇ ಇರಬೇಕು, ಅದರಲ್ಲಿ ವಾದವಿಲ್ಲ. ಮನೆಯ ಸರ್ವರ್ ಇರುವುದು ಮನೆಯದೇ ಆದ ಸರಕಿಗೆ: ಕುಟುಂಬದ ಫೋಟೊಗಳು, ಅಂಗಡಿಯ ಲೆಕ್ಕ, ಕ್ಯಾಮೆರಾದ ದಾಖಲೆ. ಒಂದೆರಡು ಟೆರಾಬೈಟ್ ಇಂಥ ಸರಕನ್ನು ಕ್ಲೌಡಿನಲ್ಲಿಟ್ಟರೆ ಬಾಡಿಗೆ ಸಾಯುವವರೆಗೆ, ಡಿಸ್ಕು ಕೊಂಡರೆ ಒಂದೇ ಸಲ. ಸಿಜಿನ್ಯಾಟ್ ಹಿಂದಿರುವವರಿಗೂ ಒಂದು ಉಪಾಯವಿದೆ, ಟನೆಲ್. ಮನೆಯ ಸರ್ವರ್ ತಾನಾಗಿ ಹೊರಗಿನ ಒಂದು ಸರ್ವರಿಗೆ ಸಂಪರ್ಕ ಹೂಡಿ ಅದನ್ನು ತೆರೆದಿಟ್ಟುಕೊಳ್ಳುತ್ತದೆ, ನೋಡುವವರು ಆ ಹೊರಗಿನ ಸರ್ವರ್ ಮೂಲಕ ಮನೆಗೆ ಬರುತ್ತಾರೆ. ಕ್ಲೌಡ್‌ಫ್ಲೇರ್, ಟೇಲ್‌ಸ್ಕೇಲ್‌ನಂಥ ಕಂಪನಿಗಳು ಇದನ್ನು ಸಣ್ಣ ಬಳಕೆಗೆ ಉಚಿತವಾಗಿ ಕೊಡುತ್ತವೆ, ಕೆಲಸವೂ ಚೆನ್ನಾಗಿ ಆಗುತ್ತದೆ. ಇವತ್ತು ಕಮಲಾಪುರದಲ್ಲಿ ಯಾರಾದರೂ ಕೇಳಿದರೆ ಮೊದಲು ಇದನ್ನೇ ಮಾಡಿ ಎನ್ನಬೇಕು. ಕ್ಯಾಮೆರಾ ಕಂಪನಿಗಳ ಆ್ಯಪ್ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದ ಕೂಡಲೆ ಗಂಜಿನ ಅಂಗಡಿಯನ್ನು ಮೊಬೈಲಿನಲ್ಲಿ ತೋರಿಸುವುದೂ ಹತ್ತಿರ ಹತ್ತಿರ ಇದೇ ದಾರಿಯಿಂದ: ಡಿವಿಆರ್ ಮತ್ತು ಮೊಬೈಲ್ ಎರಡೂ ಕಂಪನಿಯ ಸರ್ವರಿಗೆ ಹೊರಮುಖವಾಗಿ ಹೋಗುತ್ತವೆ, ಅದು ಎರಡನ್ನೂ ಜೋಡಿಸುತ್ತದೆ. ಅನುಕೂಲವೇನೋ ಹೌದು. ಆದರೆ ನಮ್ಮ ಅಂಗಡಿಗೂ ನಮ್ಮ ಮೊಬೈಲಿಗೂ ನಡುವೆ ಮೂರನೆಯವರೊಬ್ಬರು ಕಾಯಂ ಆಗಿ ಕೂತರು. ಅವರು ನಾಳೆ ಸೇವೆ ನಿಲ್ಲಿಸಿದರೆ, ಶುಲ್ಕ ಹಾಕಿದರೆ, ಅವರ ಸರ್ವರಿಗೆ ಕನ್ನ ಬಿದ್ದರೆ ನಾವು ಮಾಡುವುದೇನೂ ಇರುವುದಿಲ್ಲ. ಉಪಾಯವನ್ನೇ ಪರಿಹಾರವೆಂದು ಕರೆಯತೊಡಗಿದರೆ ನ್ಯಾಟ್‌ನ ಕಥೆಯೇ ಇನ್ನೊಂದು ಸುತ್ತು ನಡೆಯುತ್ತದೆ.

ಕರೆಂಟು, ಸೆಕೆ ಇವೂ ಕಲಬುರಗಿಯಲ್ಲಿ ನಿಜವಾದ ಪ್ರಶ್ನೆಗಳೇ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ತಗಡಿನ ಮಾಡಿನ ಕೆಳಗೆ ಹಾರ್ಡ್ ಡಿಸ್ಕ್ ಇಟ್ಟರೆ ಅದು ಬಹಳ ದಿನ ಬಾಳುವುದಿಲ್ಲ. ಸುಮಾರು 5 ವಾಟ್ ಉಣ್ಣುವ ಪುಟ್ಟ ಕಂಪ್ಯೂಟರಿಗೆ ತಿಂಗಳಿಗೆ ಮೂರೂವರೆ ಯೂನಿಟ್ಟಿನ ಆಸುಪಾಸು ಕರೆಂಟು ಸಾಕು, ಗೃಹಜ್ಯೋತಿಯ ಉಚಿತ ಕರೆಂಟಿನ ಲೆಕ್ಕ ತಪ್ಪುವಷ್ಟು ಹೊರೆಯಲ್ಲ. ಕರೆಂಟು ಹೋದಾಗ ರೂಟರಿಗೂ ಅದಕ್ಕೂ ಸಾಲುವ ಸಣ್ಣ ಬ್ಯಾಟರಿ ಯುಪಿಎಸ್ ಇರಲಿ. ಇಂಟರ್ನೆಟ್ಟೇ ಇಲ್ಲದಾಗಲೂ ಸ್ಥಳೀಯ ಸರ್ವರ್ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ವೈಫೈ ಪೆಟ್ಟಿಗೆಗಳನ್ನು ಒಂದಕ್ಕೊಂದು ಹೆಣೆದು ಊರಿನದೇ ಜಾಲ ಕಟ್ಟುವ ಕೆಲಸ ಮಾಡಿದೆ. ಅಂಥ ಜಾಲದೊಳಗಿನ ಸರ್ವರಿಗೆ ಹೋಗಲು ಯಾವ ಕಂಪನಿಯ ಹೊರವಿಳಾಸವೂ ಬೇಕಿಲ್ಲ. ಕಮಲಾಪುರದ ಶಾಲೆಯೊಂದು ಪಾಠದ ವಿಡಿಯೊಗಳನ್ನು ತನ್ನದೇ ಸರ್ವರಿನಲ್ಲಿಟ್ಟುಕೊಳ್ಳಲು ಇವತ್ತೇ ಶುರುಮಾಡಬಹುದು.

ಹೊರಗಿನಿಂದ ಮುಟ್ಟುವ ಮಾತಿಗೆ ಬಂದರೆ, ನಾವು ಕೇಳಬೇಕಾದ್ದು ಪುಕ್ಕಟೆ ಐಪಿವಿ4 ವಿಳಾಸವನ್ನಲ್ಲ, ಅದು ತೀರಿದ ಸರಕು. ಐಪಿವಿ6 ಪ್ರತಿ ಮನೆಗೂ ನಿಜವಾಗಿ ಮುಟ್ಟಬೇಕು, ಅದರ ಫೈರ್‌ವಾಲ್ ಮುಚ್ಚಿಯೇ ಬರಲಿ, ಆದರೆ ತೆರೆಯುವ ಅಧಿಕಾರ ಮನೆಯವರ ಕೈಯಲ್ಲಿರಲಿ. ಪ್ಲಾನಿನ ಜಾಹೀರಾತಿನಲ್ಲಿ ವೇಗದ ಪಕ್ಕದಲ್ಲೇ ಹೊರವಿಳಾಸ ನಿಮ್ಮದೋ ಹಂಚಿಕೆಯದೋ ಎಂಬುದನ್ನೂ ಅಚ್ಚುಹಾಕುವಂತೆ ನಿಯಮ ಬಂದರೆ ಯಾವ ಕಂಪನಿಗೂ ಅದರಿಂದ ನಷ್ಟವಿಲ್ಲ. ಅಲ್ಲಿಯವರೆಗೆ, ಕಲಬುರಗಿಯಲ್ಲಾಗಲಿ ಕಮಲಾಪುರದಲ್ಲಾಗಲಿ ಹೊಸ ಫೈಬರ್ ಹಾಕಿಸುವವರು ಆರು ತಿಂಗಳ ಮುಂಗಡ ಕಟ್ಟುವ ಮೊದಲೇ ಕೇಳಿ ತಿಳಿಯಿರಿ: ಐಪಿವಿ4 ಹಂಚಿಕೆಯದೇ, ಬದಲಾಗದ ಹೊರವಿಳಾಸ (ಸ್ಟ್ಯಾಟಿಕ್ ಐಪಿ) ಬೇಕಾದರೆ ಶುಲ್ಕವೆಷ್ಟು, ಐಪಿವಿ6 ಬರುತ್ತದೆಯೇ, ಬಂದರೆ ಒಳಬರುವ ಪೋರ್ಟ್ ತೆರೆಯಲು ರೂಟರ್ ಬಿಡುತ್ತದೆಯೇ, ಮನೆಯಲ್ಲಿ ಸರ್ವರ್ ಇಡಲು ಒಪ್ಪಂದದಲ್ಲಿ ಅಡ್ಡಿಯಿದೆಯೇ. ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗದೆ ಇಮೇಲಿನಲ್ಲಿ ಬರೆಸಿಕೊಳ್ಳಿ.